ಡೇರಿ ಕಂಪ್ಯೂಟರೂ ಕಬೀರನ ಹಳೇ ಸಾಲುಗಳೂ

ಮಳವಳ್ಳಿಯ ಕಂಪ್ಯೂಟರ್ ಮೆಕ್ಯಾನಿಕ್ ಕಬೀರನಿಗೆ ಒಂದು ಕೆಟ್ಟ ಚಾಳಿಯಿದೆ. ಯಂತ್ರ ಸರಿಹೋದರೆ ಸಾಲದು, ಯಾಕೆ ಕೆಟ್ಟಿತ್ತು ಅಂತ ಗೊತ್ತಾಗಬೇಕು. ಅಲ್ಲಿಯವರೆಗೆ ಊಟಕ್ಕೆ ಕರೆದರೂ ಏಳುವ ಆಸಾಮಿಯಲ್ಲ.

ನಮ್ಮೂರಿನವರದು ಬೇರೆಯೇ ಚಾಳಿ. ಏನಾದರೂ ಕೆಟ್ಟರೆ ಏನಾಯ್ತು ಅಂತ ಕೇಳುವುದಿಲ್ಲ, ಕಡೇಲಿ ಮುಟ್ಟಿದ್ಯಾರು ಅಂತ ಕೇಳುತ್ತಾರೆ. ಪೂರಿಗಾಲಿ ದಾರಿಯಲ್ಲಿರುವ ನಮ್ಮ ಹಾಲಿನ ಡೇರಿಯ ಕಂಪ್ಯೂಟರ್ ನಿಂತಾಗಲೂ ಅಷ್ಟೇ. ಕಡೆಗೆ ಮುಟ್ಟಿದವಳು ಕಾರ್ಯದರ್ಶಿ ಮಂಜುಶ್ರೀ. ಕೆಲಸಕ್ಕೆ ಸೇರಿ ಎರಡೇ ತಿಂಗಳು. ಪರದೆಯ ಮೇಲೆ ಕೇಳಿತೆಂದು ಅಪ್‌ಡೇಟ್ ಹಾಕಿದ್ದಳು. ಬೆಳಿಗ್ಗೆ ಗುಂಡಿ ಒತ್ತಿದರೆ ಕಪ್ಪು ಪರದೆ, ನಾಲ್ಕು ಸಾಲು ಇಂಗ್ಲಿಷು. ಅಧ್ಯಕ್ಷ ಮುದ್ದಯ್ಯ, "ಈ ಉಡ್ಗಿ ಕೈಲಿ ಆಗಕಿಲ್ಲ, ನಾಳೆ ಸಭೇಲಿ ತೆಗ್ದಾಕವ" ಅಂದ. ನಾಲ್ಕು ಜನ ಹೂಂ ಅಂದರು. ನಾನೂ ಅಂದೆ.

ಕಬೀರ್ ಬಂದ. ಕಂಪ್ಯೂಟರಿನೊಳಗೆ ಎಲ್ಲದರ ಯಜಮಾನಿಕೆ ಮಾಡುವುದು ಕರ್ನಲ್ ಅಂತೆ. ಅಪ್‌ಡೇಟಿನಲ್ಲಿ ಹೊಸ ಕರ್ನಲ್ ಬಂದಿತ್ತು. ಅದಕ್ಕೆ ಮುಂಚಿನದನ್ನು ಆರಿಸಿದ, ಯಂತ್ರ ಎದ್ದಿತು.

"ಓಡ್ತಲ್ಲ, ಬುಡು. ಕೆಡಿಸ್ದೋಳು ಯಾರಂತ ಗೊತ್ತಲ್ಲ" ಅಂದ ಮುದ್ದಯ್ಯ.

ಕಬೀರ್ ಬಿಡಬೇಕಲ್ಲ! ಹೊಸ ಕರ್ನಲ್ ಹಾಕಿದ, ನಿಂತಿತು. ಹಾಲಿನ ಕೊಬ್ಬು ಅಳೆಯುವ ಯಂತ್ರವನ್ನು ಮಾತಾಡಿಸಲು ಡ್ರೈವರ್ ಅಂತ ಒಂದು ಚಿಕ್ಕ ಪ್ರೋಗ್ರಾಂ ಇತ್ತು. ಅದನ್ನು ತೆಗೆದ, ಎದ್ದಿತು. ಮತ್ತೆ ಸೇರಿಸಿ, ಪ್ರೋಗ್ರಾಂಗಳು ಓಡುವ ಮೆಮೊರಿಯ ಕಾವಲು ಸಡಿಲಿಸು ಅಂತ ಹೊಸ ಕರ್ನಲ್‌ಗೆ ಒಂದೇ ಒಂದು ಆಜ್ಞೆ ಕೊಟ್ಟ. ಆಗಲೂ ಎದ್ದಿತು! "ಸಿಕ್ತು ಕಣ್ಲಾ" ಅಂತ ನನ್ನ ಬೆನ್ನಿಗೆ ಗುದ್ದಿದ. ನನಗೂ ಕುತೂಹಲ ಹತ್ತಿಕೊಂಡು, ಹಾಲು ಹಾಕಿ ಹೋಗಬೇಕಾದವನು ಕ್ಯಾನಿನ ಮೇಲೆ ಕೂತೇಬಿಟ್ಟೆ.

ಡ್ರೈವರಿನ ಸಾಲುಗಳನ್ನು ತೆರೆದು ಓದತೊಡಗಿದ. ಓದುತ್ತಾ ಓದುತ್ತಾ ಮತ್ತೆ ಮೊದಲ ಸಾಲಿಗೆ ಹೋಗಿ ಬರೆದವರ ಹೆಸರು ನೋಡಿದ. ಹದಿನಾಲ್ಕು ವರ್ಷದ ಹಿಂದೆ ಅದನ್ನು ಬರೆದವನು ಅವನೇ. ಓಡುತ್ತಿರುವ ಜಾಗದಲ್ಲೇ ಅದು ತನ್ನನ್ನು ತಾನು ತಿದ್ದಿ ಬರೆದುಕೊಳ್ಳುತ್ತಿತ್ತು. ಹಳೆಯ ಕರ್ನಲ್ ಅದನ್ನು ನೋಡಿಯೂ ಸುಮ್ಮನಿತ್ತು. ಹೊಸದು ಯಾರೂ ಹೇಳದೆಯೇ ಕಟ್ಟುನಿಟ್ಟು: ಓಡುವ ಜಾಗದಲ್ಲಿ ಬರೆಯುವಂತಿಲ್ಲ, ಬರೆದರೆ ಅಲ್ಲಿಗೇ ನಿಲ್ಲಿಸುತ್ತದೆ.

ಎರಡು ಸಾಲು ತಿದ್ದಿ, ಏನೋ ಸಣ್ಣ ತೊಂದರೆ ಅಂತ ಹೇಳಿ ಹೋಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನು ತಿದ್ದಿದ. ಮಾರನೆಯ ದಿನ ಕರೆಯದೆಯೇ ಸಭೆಗೂ ಬಂದ.

"ತಪ್ಪು ನಂದು ಮುದ್ದಣ್ಣ. ಆಲು ಅಳೆಯೋ ಜಾಗ್ದಲ್ಲೇ ಕ್ಯಾನು ತೊಳ್ದಂಗೆ ಬರ್ದಿದ್ದೆ, ಅವತ್ತು ಕೇಳೋರಿರ್ಲಿಲ್ಲ. ಈವಮ್ಮ ಅಪ್‌ಡೇಟ್ ಆಕಿದ್ಕೇ ಸಿಕ್ಕಾಕ್ಕೊಂಡೆ."

ಮುದ್ದಯ್ಯ ನಕ್ಕುಬಿಟ್ಟ. "ಅಯ್ಯೋ, ಓಗ್ಲಿ ಬುಡ್ಲಾ. ತಪ್ಪು ಯಾರ್ ಮಾಡಕಿಲ್ಲ?"

ಮೂಲೆಯಲ್ಲಿದ್ದ ಮಂಜುಶ್ರೀ ಎದ್ದು ನಿಂತಳು. "ನಿನ್ನೆ ತಪ್ಪು ನಂದು ಅಂದ್ಕೊಂಡಿದ್ರಲ್ಲ, ಆಗ ಯಾಕಣ್ಣ ಈ ಮಾತು ಬರ್ಲಿಲ್ಲ?"

ಮುದ್ದಯ್ಯನ ನಗು ನಿಂತಿತು. ನಾನು ನಾಚಿಕೆಯಿಂದ ನೆಲ ನೋಡಿದೆ. ತಲೆಯೆತ್ತಿ ಅವಳನ್ನು ನೋಡುತ್ತಿದ್ದವನು ಕಬೀರ್ ಒಬ್ಬನೇ.