ಮಂಡಿಯಕ್ಕನ ಗಾಜಿನ ತಟ್ಟೆಗಳು

ಪ್ರಯೋಗಶಾಲೆಯಲ್ಲಿ ಎಲ್ಲರೂ ಆಕೆಯನ್ನು ಕರೆಯುವುದು ಮಂಡಿಯಕ್ಕ ಎಂದೇ. ಮದುವೆಗೆ ಹೋದರೂ ಆಕೆ ನೋಡುವುದು ಮದುಮಕ್ಕಳ ಮುಖವನ್ನಲ್ಲ, ನೆಂಟರ ನಡಿಗೆಯನ್ನು. ಕೀಲಿನೊಳಗಿನ ಮೆತ್ತೆಯಾದ ಮೃದ್ವಸ್ಥಿಯ ಚೂರುಗಳನ್ನು ಗಾಜಿನ ತಟ್ಟೆಗಳಲ್ಲಿ ಕೂಸುಗಳಂತೆ ಸಾಕುತ್ತಾಳೆ. ಆದರೆ ಸವೆತ ತಡೆಯುತ್ತದೆಯೇ ಎಂದು ಪರೀಕ್ಷಿಸುತ್ತಿರುವ ಶುಂಠಿಯ ಸಾರ ಯಾವ ತಟ್ಟೆಗೆ ಬಿದ್ದಿದೆ, ಯಾವುದಕ್ಕೆ ಬಿದ್ದಿಲ್ಲ ಎಂಬುದನ್ನು ಮಾತ್ರ ಜೊತೆಗೆ ಕೆಲಸ ಮಾಡುವವಳಿಂದ ಚೀಟಿಯಲ್ಲಿ ಬರೆಸಿ, ತನ್ನಿಂದಲೇ ಮುಚ್ಚಿಡಿಸುತ್ತಾಳೆ. "ಹೆತ್ತವರಿಗೆ ಹೆಗ್ಗಣ ಮುದ್ದು ಕಣೇ, ನನ್ನ ಕಣ್ಣನ್ನ ನಂಬಬೇಡ" ಎಂದು ಜೊತೆಗಾತಿಯನ್ನು ಗದರುತ್ತಾಳೆ. ಮಂಡಿನೋವಿನಿಂದ ಕೂತುಕೊಂಡೇ ಮೆಟ್ಟಿಲಿಳಿಯುವ ತಾಯಿ, "ನಂಗೂ ಆ ಸಾರ ಒಂಚೂರು ತಂದುಕೊಡೇ" ಎಂದು ಬೇಡಿದರೂ, ಸಾಬೀತಾಗದ್ದನ್ನು ಮನೆಗೆ ತಂದವಳಲ್ಲ. ಇಲ್ಲವೆಂದು ಹೇಳಿ, ತಾನೂ ತಾಯಿಯ ಪಕ್ಕದಲ್ಲಿ ಕೂತುಕೊಂಡೇ ಒಂದೊಂದು ಮೆಟ್ಟಿಲು ಇಳಿಯುತ್ತಾಳೆ. ಇಂದು ಚೂರುಗಳಿಗೆ ಬಣ್ಣ ಹಾಕಿದರು. ಮೆತ್ತೆ ಸವೆದಿದ್ದರೆ ಬಣ್ಣ ನಿಲ್ಲುವುದಿಲ್ಲ. ಕೆಲವು ಬಿಳಿಚಿಕೊಂಡವು, ಕೆಲವು ದಾಳಿಂಬೆ ಕಾಳಿನಂತೆ ಕೆಂಪಗೆ ಉಳಿದವು. ಜೊತೆಗಾತಿ ಚೀಟಿ ಬಿಚ್ಚಿ ನೋಡಿದರೆ, ಕೆಂಪಗಿದ್ದವೆಲ್ಲ ಶುಂಠಿಯವೇ. ಮಂಡಿಯಕ್ಕ ಮನೆಗೆ ಫೋನ್ ಮಾಡಿದಳು. "ಅಮ್ಮ, ಸವೆಯೋದು ನಿಂತಿದೆ." "ನಂದಾ?" "ನಿಂದಲ್ಲಮ್ಮ, ತಟ್ಟೇಲಿರೋದು. ಮನುಷ್ಯರಲ್ಲಿ ಇನ್ನು ನೋಡಬೇಕು." ತಾಯಿ ನಕ್ಕುಬಿಟ್ಟಳು. "ಹಾಗಾದ್ರೆ ಆ ಸಾಲಲ್ಲಿ ನಾನೇ ಮೊದಲು. ಒಂದು ಕುರ್ಚಿ ಹಾಕ್ಸಿರು."