ಕಲ್ಲಿನ ಜೊತೆ ಜರುಗುವ ಮಗಳು

ಕೋಳಿ ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿರುವಾಗಲೇ ಕ್ವಾಕು ಅಂಪೊಫೊ ಮಗಳ ಕೈಹಿಡಿದು ನಮ್ಮೂರ ನೇಕಾರರ ಚಪ್ಪರಕ್ಕೆ ಬರುತ್ತಾನೆ. ಮಗ್ಗಕ್ಕೆ ಕೂತು ಕಾಲ್ಬೆರಳ ಸಂದಿಗೆ ಹಗ್ಗ ಸಿಕ್ಕಿಸಿಕೊಳ್ಳುತ್ತಾನೆ. ಎದುರಿಗೆ ಇಪ್ಪತ್ತು ಮಾರು ಉದ್ದಕ್ಕೆ ಚಾಚಿದ ಹಾಸುನೂಲು. ಅದರ ತುದಿಗೆ ಹಲಗೆ, ಹಲಗೆಯ ಮೇಲೆ ನೂಲನ್ನು ಬಿಗಿಹಿಡಿಯುವ ಕಲ್ಲು, ಕಲ್ಲಿನ ಪಕ್ಕ ಹನ್ನೊಂದು ವರ್ಷದ ಅಫ್ರಿಯೆ.

ಅಪ್ಪ ನೇಯ್ದಂತೆಲ್ಲ ಕಲ್ಲು ಬೆರಳಷ್ಟು ಹತ್ತಿರ ಜರುಗುತ್ತದೆ. ಅವಳೂ ಜರುಗಿ ನಗುತ್ತಾಳೆ. ಹುಟ್ಟಿದಾಗಿನಿಂದ ಮಾತಿಲ್ಲ. ಕಲ್ಲು ನಿಂತರೆ ಮಾತ್ರ ಕಿರುಚುತ್ತಾಳೆ. ಆ ದನಿಗೆ ಕುಮಾಸಿ ಪೇಟೆಯ ಗಡಿಗೆಗಳೆಲ್ಲ ಬಿರುಕು ಬಿಡುತ್ತವೆ. ವಾರಕ್ಕೊಮ್ಮೆ ಹಾಸು ಮುಗಿದು ಕಲ್ಲು ಮಗ್ಗದ ಬುಡಕ್ಕೆ ಬಂದಾಗ, ಅಪ್ಪನ ಮೊಣಕಾಲು ಮುಟ್ಟಿ ಹಣೆ ಒರಗಿಸುತ್ತಾಳೆ. ಅವನು ಹೊಸ ಹಾಸು ಕಟ್ಟಿ, ಕಲ್ಲನ್ನೂ ಅವಳನ್ನೂ ಮತ್ತೆ ದೂರ ಕೂರಿಸುತ್ತಾನೆ.

ದಿನಕ್ಕೆ ಹತ್ತು ಗಂಟೆ ಕೂರುವವನು ಏಳುವುದು ಎರಡೇ ಸಲ. ಮಗಳ ತಾಯಿ ತವರಿಗೆ ಹೋಗಿ ಐದು ವರ್ಷ. ಅಲ್ಲೇ ಬೇರೆ ಸಂಸಾರ.

"ಒಂದಿನ ಹೊಡ್ದೆ ಅಜ್ಜಿ," ಎಂದು ಪಕ್ಕದಲ್ಲಿ ನೂಲು ಸುತ್ತುವ ನನಗೆ ಹೇಳುತ್ತಾನೆ. "ಆಟ ಅಂದ್ಕೊಂಡು ನಕ್ಕಳು. ಆ ಕೈಯಲ್ಲಿ ಊಟ ಮಾಡೋಕಾಗ್ಲಿಲ್ಲ."

"ಊರಿಗೆ ಬಂದಿದ್ದ ಆ ನರ್ಸಮ್ಮ ಏನೋ ಹೇಳಿಕೊಟ್ಟಳಲ್ಲಯ್ಯಾ?" ಎನ್ನುತ್ತೇನೆ.

"ಸಿಟ್ಟು ಬಂದಾಗ ಉಸಿರು ಎಳ್ಕೋ ಅಂದ್ಲು. ಯಾವಾಗ ಬಿಡೋದು ಅಂತ ಕೇಳೋದ್ರೊಳಗೆ ಜೀಪು ಹೊರಟೋಯ್ತು."

ಪಕ್ಕದ ಮಗ್ಗದವರು ನಗುತ್ತಾರೆ. ಹೋದ ತಿಂಗಳು ಚಪ್ಪರದ ಯಜಮಾನ ಬೊಆಡು ಹೇಳಿದ ಮಾತಿಗೆ ಮಾತ್ರ ಯಾರೂ ನಗಲಿಲ್ಲ. "ಮುಟ್ಟಾದ ಹೆಣ್ಣು ಮಗ್ಗದ ಹತ್ರ ಬರಂಗಿಲ್ಲ ಕಣೋ. ಬೇರೆ ಹೆಂಗಸ್ರು ಆ ದಿನಗಳಲ್ಲಿ ತಾವೇ ದೂರ ಇರ್ತಾರೆ. ಇವಳು ಹೇಳ್ತಾಳಾ? ಮೊದಲ ಸಲ ಆದ ದಿನದಿಂದ ಇವಳು ಇಲ್ಲಿಗೆ ಬರಲೇಬಾರದು."

ಮಗ್ಗ ಯಜಮಾನನದು, ಮನೆಗೆ ಒಯ್ಯುವಂತಿಲ್ಲ. ಮಗಳನ್ನು ಒಂಟಿಯಾಗಿ ಬಿಟ್ಟರೆ ಕಟ್ಟಿಹಾಕಿಯೇ ಬರಬೇಕು. ಬೊಆಡುವಿನ ಕಿವಿಯಲ್ಲಿ ಕೂದಲು ಎಷ್ಟು ದಟ್ಟವೆಂದರೆ, ಇದನ್ನು ಹೇಳಿ ಹೇಳಿ ನನ್ನ ಹಲ್ಲೇ ಉದುರಿದವು. ಒಳಗೆ ಒಂದಕ್ಷರ ಹೋಗಲಿಲ್ಲ.

ನಮ್ಮಲ್ಲಿ ಹುಡುಗಿ ಮೈನೆರೆದರೆ ಬೇಯಿಸಿದ ಮೊಟ್ಟೆ ತಿನ್ನಿಸಿ, ಹೊಸ ಬಟ್ಟೆ ಉಡಿಸಿ ಊರೆಲ್ಲ ಸುತ್ತಿಸುತ್ತಾರೆ. ಬಾಯಿ ಸುಮ್ಮನಿರದೆ ಕೇಳುತ್ತೇನೆ: "ಏನಯ್ಯಾ, ಮಗಳಿಗೆ ಮೊಟ್ಟೆ ಕೂಡಿಡ್ತಿದೀಯಾ?"

ಕ್ವಾಕು ಲಾಳಿ ನಿಲ್ಲಿಸುವುದಿಲ್ಲ.

"ಎಲ್ರೂ ಮಗಳು ಬೆಳೀಲಿ ಅಂತ ಬೇಡ್ಕೋತಾರೆ ಅಜ್ಜಿ. ನಾನು ದಿನಾ ಎದ್ದ ತಕ್ಷಣ ಅವಳ ಹಾಸಿಗೆ ನೋಡ್ತೀನಿ, ಕಲೆ ಇದೆಯಾ ಅಂತ. ಇವತ್ತು ಇರ್ಲಿಲ್ಲ. ಅದಕ್ಕೇ ಬಂದಿದೀವಿ."