ಮುಟ್ಟಿದ ಕುದುರೆ

ಮಾವನಿಗೆ ಚಹಾ ಕೊಡುವಾಗ ಅವಳು ಲೋಟವನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸುತ್ತಿರಲಿಲ್ಲ. ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದ ಅವರ ಬಲಗೈ ಈಗ ನಡುಗುತ್ತಿತ್ತು. ಅದು ಅವಳೊಬ್ಬಳಿಗೇ ಗೊತ್ತು, ಗಂಡನಿಗೂ ಹೇಳಿರಲಿಲ್ಲ. ಎಲ್ಲಿ ಚೆಲ್ಲೀತೋ, ಯಾರು ನೋಡಿಯಾರೋ ಎಂದು ಅವಳ ಜೀವವೇ ಕೈಯಲ್ಲಿರುತ್ತಿತ್ತು.

ಬಟ್ಟೆ ಹೊಲಿಯುವುದು ಬಿಟ್ಟರೆ ಬೇರೇನೂ ಬಾರದ ಸೊಸೆಗೆ ಚದುರಂಗ ಕಲಿಸಿದವರು ಅವರೇ. ಹೊಲಿಗೆ ಯಂತ್ರದ ಮೇಲೇ ಮಣೆ ಇಡುತ್ತಿದ್ದರು. ಕಪ್ಪು ಕಾಯಿ ಸಿಕ್ಕಿದರೆ ಅವರದು ಒಂದೇ ಪಟ್ಟು: ರಾಜನನ್ನು ಮೂಲೆಗೆ ಸೇರಿಸದೆ ನಡುಬೀದಿಯಲ್ಲೇ ನಿಲ್ಲಿಸಿ, ಕಾಲಾಳುಗಳನ್ನು ಬಲಿಕೊಟ್ಟು, ಎದುರಾಳಿಯ ಮೈಮೇಲೆ ಬೀಳುವುದು. ಊರಿನ ಚದುರಂಗ ಕ್ಲಬ್ಬಿನವರು ಅದನ್ನು ಮೆಣಸಿನಕಾಯಿ ಆಟ ಎನ್ನುತ್ತಿದ್ದರು. ರುಚಿ ನೋಡಿದವರೆಲ್ಲ ನೀರು ಕುಡಿದಿದ್ದರು. ಎಂಟು ವರ್ಷದಲ್ಲಿ ಅವಳೂ ಒಮ್ಮೆಯೂ ಗೆದ್ದಿರಲಿಲ್ಲ.

ಕ್ಲಬ್ಬಿನ ತಂಡದಲ್ಲಿ ಒಂದೇ ಜಾಗ ಉಳಿದಾಗ, ಅದಕ್ಕಾಗಿ ಎದುರುಬದುರು ಕುಳಿತವರು ಇವರಿಬ್ಬರು. ಅವಳದು ಬಿಳಿ.

"ಮನೇಲಿ ಮಾವ, ಇಲ್ಲಿ ಎದುರಾಳಿ. ದಾಕ್ಷಿಣ್ಯ ಗೀಕ್ಷಿಣ್ಯ ಬೇಡಮ್ಮ," ಎಂದು ಅವರು ನಕ್ಕಿದ್ದರು.

ಇಪ್ಪತ್ತನೆಯ ನಡೆಯ ಹೊತ್ತಿಗೆ ಅವಳ ರಾಜನಿಗೆ ಉಸಿರಾಡಲು ಜಾಗವಿರಲಿಲ್ಲ. ಅವರ ರಾಣಿ ಒಂದು ಮನೆ ಮುಂದೆ ಬಂದರೆ ಆಟ ಮುಗಿಯಿತು. ಕೈ ರಾಣಿಯ ಕಡೆಗೇ ಹೊರಟಿತು. ದಾರಿಯಲ್ಲಿ ನಡುಗಿ, ಬೆರಳು ಪಕ್ಕದ ಕುದುರೆಗೆ ತಾಕಿತು.

ಮುಟ್ಟಿದ ಕಾಯನ್ನೇ ನಡೆಸಬೇಕು ಎಂಬ ನಿಯಮ ಕಲಿಸಿದವರೂ ಅವರೇ.

"ಮಾವ, ಕುದುರೆ ಮುಟ್ಟಿದ್ರಿ," ಎಂದುಬಿಟ್ಟಳು.

ತೀರ್ಪುಗಾರ ಬಂದು, ಬೇಕೆಂದು ಮುಟ್ಟಿದ್ದೋ ಅಕಸ್ಮಾತ್ ತಾಕಿದ್ದೋ ಎಂದು ಕೇಳಿದ. ಅಕಸ್ಮಾತ್ ತಾಕಿದ ಕಾಯಿಗೆ ಆ ನಿಯಮವಿಲ್ಲ; ಕೈ ನಡುಗಿತು ಎಂದಿದ್ದರೆ ಸಾಕಿತ್ತು. ಆ ಮಾತನ್ನು ಮಾವ ಸತ್ತರೂ ಆಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ನಾನೇ ಸರಿಯಾಗಿ ನೋಡಲಿಲ್ಲ, ಬಿಡಿ ಎಂದು ಅವಳಾದರೂ ಹೇಳಬಹುದಿತ್ತು. ಮಣೆ ನೋಡುತ್ತಾ ಕುಳಿತಳು.

"ಬೇಕಂತಲೇ ಮುಟ್ಟಿದೆ," ಎಂದು ಅವರು ಕುದುರೆ ನಡೆಸಿದರು. ನಡುಬೀದಿಯಲ್ಲಿದ್ದ ಆ ರಾಜನನ್ನು ಹಿಡಿಯಲು ಅವಳಿಗೆ ಇನ್ನೈದೇ ನಡೆ ಸಾಕಾಯಿತು.

ಮನೆಗೆ ಬಂದು ಎಂದಿನಂತೆ ಅರ್ಧ ಲೋಟ ಚಹಾ ಮುಂದಿಟ್ಟಳು. ತಂಡದ ಜಾಗ ಬೇಡವೆಂದು ಹೇಳಿಬರುತ್ತೇನೆ ಎಂದಳು.

"ಗೆದ್ದದ್ದನ್ನ ವಾಪಸ್ ಕೊಡೋಕಾಗಲ್ಲಮ್ಮ," ಎಂದರು. ಲೋಟ ಮುಟ್ಟಲಿಲ್ಲ. "ಈ ಅರ್ಧ ಲೋಟದ ಗುಟ್ಟು ನಿನ್ನ ಹತ್ರ ಭದ್ರವಾಗಿರುತ್ತೆ ಅಂದ್ಕೊಂಡಿದ್ದೆ."

ಅವಳು ಯಾರಿಗೂ ಹೇಳಿರಲಿಲ್ಲ, ನಿಜ. ಬಳಸಿಕೊಂಡಿದ್ದಳು, ಅಷ್ಟೆ.

ಈಗ ಅವರು ಚಹಾ ತಾವೇ ಬಗ್ಗಿಸಿಕೊಳ್ಳುತ್ತಾರೆ, ಲೋಟದ ತುಂಬ. ಅಡುಗೆಮನೆಯಿಂದ ಅವರ ಕುರ್ಚಿಯವರೆಗೆ ಬಿದ್ದ ಹನಿಗಳನ್ನು ಅವಳು ದಿನಾ ಬೆಳಿಗ್ಗೆ, ಗಂಡ ಏಳುವ ಮುನ್ನ, ಒರೆಸುತ್ತಾಳೆ.